ನೊರೆ ಅಂದುಕೊಂಡಿದ್ದೆವು

ಐದು ರೂಪಾಯಿ ನಾಣ್ಯ ಹಾಕಿದರೆ
ಗಂಗಮ್ಮನ ಗುಡಿ ಬೀದಿಯ ಘಟಕದಲ್ಲಿ
ಇಪ್ಪತ್ತು ಲೀಟರು ಸಿಹಿನೀರು.
ಅದಕ್ಕೆ ಏಳುನೂರು ಗ್ರಾಂ ಕಡಲುಪ್ಪು,
ಬೆಳ್ಳಿ ತೂಗುವ ತಕ್ಕಡಿಯಲ್ಲೇ ತೂಗಿ,
ಕೋಲಿನಿಂದ ಒಂದು ಗಂಟೆ ಕಡೆದರೆ
ಚಿಕ್ಕಬಳ್ಳಾಪುರದಲ್ಲೂ ಸಮುದ್ರ ಆಗುತ್ತದೆ.
ಅಲೆ ಮಾತ್ರ ಬೇರೆ ತರಬೇಕು:
ಅದಕ್ಕೆ ಪಂಪು, ಪಂಪಿಗೆ ಬ್ಯಾಟರಿ.

ಮೊಟ್ಟೆ ಬಂದದ್ದು ರಾತ್ರಿ ಬಸ್ಸಿನಲ್ಲಿ.
ಗಂಗೊಳ್ಳಿಯ ಗಜಾನನ ಖಾರ್ವಿ
ಗಾಳಿ ಊದಿದ ಚೀಲ ಬಿಗಿದು
ಮೇಲೆ ಬರೆದಿದ್ದ: ಕುಲುಕಬೇಡಿ, ಬೊಂಡಾಸ.
(ಪುಸ್ತಕ ಕಟಲ್‌ಫಿಶ್ ಅನ್ನುತ್ತದೆ.)
ಹತ್ತೊಂಬತ್ತು ಕಪ್ಪು ಗುಂಡು, ಒಂದೇ ಗೊನೆ.
"ಇದೇನ್ ಆಚಾರಿ, ನಮ್ ದ್ರಾಕ್ಷೀನ
ಅಲ್ಲಿಂದ ತರಿಸ್ಕೊಂತೀಯಾ?"
ಅಂದ ಬಸ್ ಸ್ಟ್ಯಾಂಡಿನ ಹಮಾಲಿ ಪಿಳ್ಳಪ್ಪ.

ಯಾಕೆ ಬೇಕಿತ್ತು? ಹೇಳುತ್ತೇನೆ.
ನಮ್ಮಪ್ಪ, ಅವರಪ್ಪ, ನಾನು
ಕಾಲುಂಗುರ ಎರಕ ಹೊಯ್ಯುವುದು ಕಡಲ ನೊರೆಯಲ್ಲಿ.
ಗ್ರಂಥಿಗೆ ಅಂಗಡಿಯ ಬಿಳಿ ಬಿಲ್ಲೆ,
ಉಗುರಿಗೂ ಅಚ್ಚು ಬೀಳುವಷ್ಟು ಮೆದು.
ನೊರೆ ಒಣಗಿ ಹೀಗೆ ಕಲ್ಲಾಗುತ್ತದೆ ಅಂದಿದ್ದರು ಅಪ್ಪ.
ಮೌನಾಚಾರಿಯ ಮಾತು, ಎದುರಾಡುವವರು ಯಾರು.
ಐವತ್ತು ತುಂಬಿದ ಮೇಲೆ ಗೊತ್ತಾಯಿತು,
ಅದು ಒಂದು ಜೀವದ ಬೆನ್ನೊಳಗಿನ ಮೂಳೆ,
ಆ ಜೀವಕ್ಕೆ ಮೂರು ಗುಂಡಿಗೆ, ನೀಲಿ ನೆತ್ತರು.
ಆವತ್ತು ನಿದ್ದೆ ಹತ್ತಲಿಲ್ಲ.
ಪಾಪವೆಂದಲ್ಲ. ನಾಚಿಕೆ.
ದಿನಾ ಕೈಯಲ್ಲಿ ಹಿಡಿದವರ ಮುಖ ನೋಡಿಲ್ಲವಲ್ಲ ಅಂತ.

ಹನ್ನೊಂದು ಒಡೆದವು.
ಹೆಸರುಕಾಳಿನಷ್ಟು ಮೈ.
ಹುಟ್ಟಿದ ಗಳಿಗೆಯಲ್ಲೇ ಮರಳಿನ ಬಣ್ಣ ಉಟ್ಟು
ಎಲ್ಲಿದ್ದೇವೆ ಹುಡುಕು ಅಂದವು.
ಸತ್ತದ್ದನ್ನು ಮೂಸವು. ಊಟ ಅಲುಗಾಡಬೇಕು.
ಕೆಲಸ ಕಲಿಯುವ ಹುಡುಗ ಇಮ್ತಿಯಾಜ್
ಹರಿದ ಸೊಳ್ಳೆಪರದೆ ಹೊತ್ತು ಕಂದವಾರ ಕೆರೆಗಿಳಿದು
ರೆಪ್ಪೆಗೂದಲಿನಂಥ ಸೀಗಡಿ ತರುತ್ತಾನೆ.
ಸಿಹಿನೀರಿನವು, ಉಪ್ಪಲ್ಲಿ ಹತ್ತು ನಿಮಿಷದ ಆಯುಷ್ಯ.
ಅಷ್ಟರೊಳಗೆ
ಒಂದು ಮರಿ ಮೆಲ್ಲಗೆ ಹಿಂದೆ ಸರಿದು
ತೋಳುಗಳನ್ನೆಲ್ಲ ಕೈ ಮುಗಿದಂತೆ ಕೂಡಿಸಿ
ನಡುವಿಂದ ಎರಡು ಎಳೆ ಚಿಮ್ಮಿ
ನಾನು ಕಣ್ಣು ಮಿಟುಕಿಸಿ ನೋಡಿದರೆ ಸೀಗಡಿ ಇಲ್ಲ.
ಇಮ್ತಿಯಾಜ್ ಶಿಳ್ಳೆ ಹಾಕುತ್ತಾನೆ.
ಭೂತಗನ್ನಡಿ ಸಿಕ್ಕಿಸಿಕೊಂಡು ನಾನೂ ಕೂರುತ್ತೇನೆ.
ಗಿರಾಕಿ ಕಾಯಲಿ.

ನಾಲ್ಕು ಮೊದಲ ವಾರವೇ ಹೋದವು, ಕಾರಣ ತಿಳಿಯದು.
ಒಂದು ರಾತ್ರಿ ಕರೆಂಟು ಹೋಗಿ, ಬ್ಯಾಟರಿಯೂ ಕೈಕೊಟ್ಟು,
ಟಾರ್ಚು ಬಿಟ್ಟೆ ನೋಡಿ, ಅದೇ ತಪ್ಪು:
ಬೆಚ್ಚಿ ಮಸಿ ಕಕ್ಕಿದವು, ಗಾಜೊಳಗೆಲ್ಲ ಅಮಾವಾಸ್ಯೆ.
ಗಿರಿಜಾಂಬ ನನ್ನನ್ನು ಬೈಯುತ್ತಲೇ
ಪಾಯಸದ ಸೌಟಿನಲ್ಲಿ ಒಂದೊಂದನ್ನೇ
ನೀರಿನ ಸಮೇತ ಮೊಗೆದು ಬಕೆಟ್ಟಿಗೆ ದಾಟಿಸಿದಳು.
ಐದು ಉಳಿದವು.
"ಬಾಣಂತನ ಮಾಡಿದಂಗಾಯ್ತು" ಅಂದಳು, ಸೌಟು ಉಜ್ಜುತ್ತ.

ಸತ್ತದ್ದರಲ್ಲಿ ಒಂದರ ಮೂಳೆ ಮೂರನೇ ದಿನ ತೇಲಿತು.
ಅಕ್ಕಿಕಾಳಿನಷ್ಟು ಬಿಳುಪು.
ತಕ್ಕಡಿಗಿಟ್ಟೆ. ಅದು ಅಲ್ಲಾಡಲೇ ಇಲ್ಲ.
ಗಾಜಿನಡಿ ಗೆರೆಯ ಮೇಲೆ ಗೆರೆ,
ಎಣಿಸುತ್ತ ಹೋಗಿ ಹದಿನೇಳಕ್ಕೆ ಬಿಟ್ಟೆ.

ಈ ಹೊತ್ತು ಮಂಚೇನಹಳ್ಳಿಯವರ ಕಾಲುಂಗುರ.
ದೊಡ್ಡ ಬಿಲ್ಲೆ ಸೀಳಿ, ಅಚ್ಚೊತ್ತಿ, ತಂತಿ ಬಿಗಿದು
ಬೆಳ್ಳಿ ಹೊಯ್ದೆ.
ಕೂದಲು ಸುಟ್ಟ ವಾಸನೆ.
ನಲವತ್ತು ವರ್ಷ ಇದೇ ವಾಸನೆ.
ನೊರೆಗೆ ಈ ವಾಸನೆ ಎಲ್ಲಿಂದ ಎಂದು
ಒಬ್ಬರೂ ಕೇಳಿಕೊಳ್ಳಲಿಲ್ಲ ನಮ್ಮಲ್ಲಿ.
ಬೆಳ್ಳಿಯ ಮೇಲೂ ಅದೇ ಸಣ್ಣ ಗೆರೆಗಳು.
ಹೊರಮೈಗೆ ಅರ ಹಾಕಿ ನುಣುಪು ಮಾಡಿದೆ.
ಒಳಗಿನವನ್ನು ಬಿಟ್ಟೆ,
ಬೆರಳಿಗೆ ತಾಕುವ ಕಡೆ.

"ಒಳಗೆ ಪಾಲಿಶ್ ಬಂದಿಲ್ವಲ್ಲ ಆಚಾರಿ?"
"ಸವೀತದೆ ಬಿಡಮ್ಮ, ನಿಧಾನಕ್ಕೆ."
ಮಜೂರಿಯಲ್ಲಿ ಇಪ್ಪತ್ತು ಹಿಡಿದುಕೊಂಡಳು.
ತೊಟ್ಟಿಯ ಮರಳಲ್ಲಿ ಐದು ಜೊತೆ ಕಣ್ಣು
ಇಮ್ತಿಯಾಜನ ಸೈಕಲ್ಲಿಗೆ ಕಾದಿವೆ.